ದೇವಿಮನೆ ಘಾಟಿಯಲ್ಲಿ ಇಂಜಿನ್ ಕೈಕೊಟ್ಟಿತು: ಬಿಚ್ಚಿಸಬೇಕಾ, ಬೇರೆ ಹಾಕಿಸಬೇಕಾ?

ಕುಮಟಾ_ಕಡಲು

ಎಲ್ಲರಿಗೂ ನಮಸ್ಕಾರ. ನಮ್ಮದು 2009ರ ವ್ಯಾಗನ್ ಆರ್, ಹಳೇ 1061 ಸಿಸಿ ಪೆಟ್ರೋಲ್. ಓಡಿದ್ದು 1,32,000 ಕಿಮೀ. ಅಪ್ಪ ಕೊಂಡ ಮೊದಲ ಕಾರು. 2024ರಲ್ಲಿ 15 ವರ್ಷ ತುಂಬಿದಾಗ ಐದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಕೂಡ ಮಾಡಿಸಿದ್ದೇವೆ.

ಭಾನುವಾರ ಶಿರಸಿಗೆ ಹೊರಟಿದ್ದೆ. ಕತಗಾಲ ದಾಟಿ ಘಾಟಿ ಹತ್ತುವಾಗ ಎಳೆತ ಕಡಿಮೆ ಆಯಿತು. ಟೆಂಪರೇಚರ್ ಮುಳ್ಳು ಒಮ್ಮೆ ಮೇಲೆ ಹೋಗಿ ತಾನೇ ಕೆಳಗೆ ಬಂತು, ಹಾಗಾಗಿ ಸರಿಹೋಯಿತು ಅಂದುಕೊಂಡು ಇನ್ನೂ ಎರಡು ಕಿಮೀ ಓಡಿಸಿದೆ. ಆಮೇಲೆ ನಿಂತೇ ಹೋಯಿತು. ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ಹೋಸ್ ಒಡೆದು ನೀರೆಲ್ಲ ಖಾಲಿ.

ಈಗ ನೀರು ಹಾಕಿದರೆ ಸ್ಟಾರ್ಟ್ ಆಗುತ್ತದೆ, ಆದರೆ ಗಡಗಡ ನಡುಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹಾಕಿದ ಚಹಾದ ಹಾಗಿದೆ. ಒಂದು ಗ್ಯಾರೇಜಿನವರು ಫುಲ್ ಇಂಜಿನ್ ಕೆಲಸ, 48 ಸಾವಿರ ಅಂದರು. ಇನ್ನೊಬ್ಬರು ಹುಬ್ಬಳ್ಳಿ ಗುಜರಿಯಿಂದ ಇಂಜಿನ್ ತಂದು 35 ಸಾವಿರಕ್ಕೆ ಕೂರಿಸಿಕೊಡುತ್ತೇನೆ ಅಂತಾರೆ. ಸರಿ ಇದ್ದಾಗಲೇ ಕಾರಿಗೆ 90 ಸಾವಿರ ಬರುತ್ತಿತ್ತೇನೋ. ಆಯಿಗೆ ಮಂಡಿನೋವು, ಬಸ್ ಹತ್ತಲು ಆಗುವುದಿಲ್ಲ, ಕಾರು ಬೇಕೇ ಬೇಕು. ಏನು ಮಾಡಲಿ?

ಸ್ಪ್ಯಾನರ್_ಶಿರಸಿ

ತಮ್ಮಾ, ಮೊದಲು ಅದನ್ನು ಸ್ಟಾರ್ಟ್ ಮಾಡುವುದು ನಿಲ್ಲಿಸು. ಆಯಿಲ್‌ನಲ್ಲಿ ನೀರು ಸೇರಿದೆ. ಆ ಆಯಿಲ್‌ನಲ್ಲಿ ತಿರುಗಿಸಿದಷ್ಟೂ ಬೇರಿಂಗ್ ತಿನ್ನುತ್ತದೆ.

ಮುಳ್ಳು ಕೆಳಗೆ ಬಂದಿದ್ದು ತಂಪಾಗಿ ಅಲ್ಲ. ಸೆನ್ಸರ್ ಅಳೆಯುವುದು ನೀರಿನ ಬಿಸಿ. ನೀರೇ ಇಲ್ಲದಿದ್ದರೆ ಅದು ಬರೀ ಆವಿಯಲ್ಲಿ ನಿಂತಿರುತ್ತದೆ, ಸರಿಯಾಗಿ ತೋರಿಸುವುದಿಲ್ಲ. ಘಾಟಿಯಲ್ಲಿ ಹೀಗೇ ಮೋಸ ಹೋದವರ ಗಾಡಿ ನನ್ನ ಹತ್ತಿರ ಬೇಕಾದಷ್ಟು ಬಂದಿವೆ.

ಈಗ ನಿನ್ನ ಪ್ರಶ್ನೆ. ಇಬ್ಬರಲ್ಲಿ ಯಾರಾದರೂ ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ ನೋಡಿದ್ದಾರಾ? ನೋಡದೆ 48 ಸಾವಿರ ಹೇಳಿದ್ದರೆ ಅದು ಅಂದಾಜು ಅಷ್ಟೇ. ನಾಲ್ಕೂ ಪ್ಲಗ್ ಬಿಚ್ಚಿಸಿ ಒಂದೊಂದೇ ಸಿಲಿಂಡರ್ ಚೆಕ್ ಮಾಡಿಸು. ಅದಕ್ಕೆ ನಾಲ್ಕು ಸಲ ಸ್ಟಾರ್ಟರ್ ಹೊಡೆದರೆ ತೊಂದರೆ ಇಲ್ಲ, ಆದರೆ ಮೊದಲು ಆ ಆಯಿಲ್ ಇಳಿಸಿ ಅಗ್ಗದ ಆಯಿಲ್ ತುಂಬಿಸು. ಕಂಪ್ರೆಶನ್ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಹೋಗಿದೆ ಅಂತ. ಏರದಿದ್ದರೆ ತೊಂದರೆ ಮೇಲೆ, ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಭಾಗಕ್ಕೂ ನಡುವೆ ಕೂರುವ ತೆಳು ಪದರ). ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಹೆಚ್ಚಾಗಿ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುತ್ತದೆ.

ಹೆಡ್ ಅಲ್ಯೂಮಿನಿಯಮ್. ಅಷ್ಟು ಬಿಸಿಗೆ ಅದು ಸೊಟ್ಟಗಾಗುತ್ತದೆ. ಬಿರುಕು ಇಲ್ಲದಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೆಷಿನ್‌ನಲ್ಲಿ ತಳ ಸಮ ಮಾಡಿಸಿ, ಮತ್ತೆ ಕೂರಿಸಬಹುದು. ಹೆಡ್ ಎತ್ತಿದಾಗ ನೀನೇ ಎದುರಿಗೆ ನಿಂತು ಬೋರಿನ ಗೋಡೆಗೆ ಉಗುರು ಆಡಿಸಿ ನೋಡು. ಗೀರು ಉಗುರಿಗೆ ಸಿಕ್ಕಿದರೆ ಮಾತ್ರ ರೀಬೋರ್ (ಬೋರ್ ಕೊರೆದು ದೊಡ್ಡದು ಮಾಡುವುದು), ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಎಲ್ಲ ಬೇಕು. ನುಣ್ಣಗಿದ್ದರೆ ಸುಮ್ನೆ ಕೆಳಗಿನ ಇಂಜಿನ್ ಬಿಚ್ಚಿಸಬೇಡ.

ಅಂಕೋಲಾ_ಉಪ್ಪುನೀರು

ಗುಜರಿ ಇಂಜಿನ್ ಬಗ್ಗೆ ಹೇಳುತ್ತೇನೆ, ನಾನೇ ಹಾಕಿಸಿದವನು. 2010ರಲ್ಲಿ ವ್ಯಾಗನ್ ಆರ್‌ಗೆ 998 ಸಿಸಿಯ ಕೆ ಸೀರೀಸ್ ಇಂಜಿನ್ ಬಂತು. ಅಂದರೆ ನಿಮಗೆ ಸಿಗುವ 1061 ಸಿಸಿ ಇಂಜಿನ್‌ಗೂ ಹೆಚ್ಚುಕಡಿಮೆ ನಿಮ್ಮದರಷ್ಟೇ ಇಲ್ಲವೇ ಅದಕ್ಕಿಂತ ಹೆಚ್ಚು ವಯಸ್ಸು. ಅದು ಯಾಕೆ ಗುಜರಿಗೆ ಬಂತು, ಎಷ್ಟು ಓಡಿತ್ತು, ಯಾರೂ ಹೇಳುವುದಿಲ್ಲ. ನನ್ನದು ಎಂಟು ತಿಂಗಳಿಗೆ ಆಯಿಲ್ ಕುಡಿಯಲು ಶುರು ಮಾಡಿತು.

ಇನ್ನೊಂದು ವಿಷಯ, ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ ಅಲ್ವಾ. ಬೇರೆ ಇಂಜಿನ್ ಹಾಕಿಸಿದರೆ ಆರ್‌ಟಿಒಗೆ ತಿಳಿಸಿ ನಂಬರ್ ತಿದ್ದಿಸಬೇಕು, ಇನ್ಶೂರೆನ್ಸಿನವರಿಗೂ ಹೇಳಬೇಕು. ಇಂಜಿನ್ ನಂಬರ್ ಬರೆದ ಬಿಲ್ ಕೊಡದವರ ಹತ್ತಿರ ತೆಗೆದುಕೊಳ್ಳಲೇಬೇಡಿ, ಕದ್ದ ಗಾಡಿಯದ್ದಾದರೆ ಪೊಲೀಸ್ ಸ್ಟೇಷನ್ ಅಲೆಯುವವರು ನೀವೇ.

ತದಡಿ_ಬಂದರು

ನಮ್ಮ ಕಡೆಯ ಗಾಡಿಗೆ ಇಂಜಿನ್‌ಗಿಂತ ಮೊದಲು ಅಡಿ ನೋಡಬೇಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಗಾಡಿ ಎತ್ತಿಸಿ ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂರುವ ಜಾಗ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳಗೆ ಹೋದರೆ ಇಂಜಿನ್‌ಗೆ ಒಂದು ರೂಪಾಯಿಯೂ ಹಾಕಬೇಡಿ, ಹೀಗೇ ಮಾರಿಬಿಡಿ. ಗಟ್ಟಿ ಇದ್ದರೆ 20 ಸಾವಿರದವರೆಗೆ ಧೈರ್ಯವಾಗಿ ಹಾಕಿ. ಹಾಗೇ, ರೇಡಿಯೇಟರಿಗೆ ಬಾವಿ ನೀರು ಹಾಕುತ್ತಿದ್ದಿರಾ?

ಕುಮಟಾ_ಕಡಲು

ಹೌದು, ಬಾವಿ ನೀರೇ. ಮನೆ ಸಮುದ್ರಕ್ಕೆ ಹತ್ತಿರ, ಬೇಸಿಗೆಯಲ್ಲಿ ಸ್ವಲ್ಪ ಸವಳಾಗುತ್ತದೆ. ಅಪ್ಪ ಮೊದಲಿನಿಂದ ಹಾಗೇ ಮಾಡುತ್ತಿದ್ದರು, ನಾನೂ ಅದನ್ನೇ ಮಾಡಿದೆ.

ಸ್ಪ್ಯಾನರ್_ಶಿರಸಿ

ಹಾಗಾದರೆ ಒಳಗೆಲ್ಲ ತುಕ್ಕು ಇರುತ್ತದೆ. ರೇಡಿಯೇಟರ್ ರಾಡಿಂಗ್ (ಒಳಗಿನ ಕೊಳವೆಗಳಿಗೆ ಸಲಾಕೆ ಆಡಿಸಿ ಸ್ವಚ್ಛ ಮಾಡುವುದು) ಮಾಡಿಸು ಇಲ್ಲವೇ ಬದಲಿಸು. ಥರ್ಮೋಸ್ಟಾಟ್, ವಾಟರ್ ಪಂಪ್, ಎಲ್ಲಾ ಹೋಸ್ ಹೊಸದು ಹಾಕಿಸು. ಇಷ್ಟು ಮಾಡದೆ ಹೊಸಾ ಇಂಜಿನ್ ಕೂರಿಸಿದರೂ ಅದೂ ಘಾಟಿಯಲ್ಲೇ ನಿಲ್ಲುತ್ತದೆ. ತುಂಬುವಾಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ.

ಕುಮಟಾ_ಕಡಲು (ಹನ್ನೆರಡು ದಿನದ ನಂತರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೇಜ್ ಇಟ್ಟುಕೊಂಡ ಮೂರನೇ ಗ್ಯಾರೇಜ್ ಹುಡುಕಿದೆ. 2 ಮತ್ತು 3ನೇ ಸಿಲಿಂಡರ್ ಒಟ್ಟಿಗೇ ಕಡಿಮೆ, ಆಯಿಲ್ ಬಿಟ್ಟರೂ ಏರಲಿಲ್ಲ. ಹೆಡ್ ಎತ್ತಿದರೆ ಸ್ಪ್ಯಾನರ್ ಅಣ್ಣ ಹೇಳಿದ ಹಾಗೇ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಸೊಟ್ಟಗಾಗಿತ್ತು, ಬಿರುಕಿರಲಿಲ್ಲ. ಬೋರ್‌ಗೆ ಉಗುರು ಆಡಿಸಿದೆ, ನುಣ್ಣಗಿತ್ತು. ಅಡಿ ಎಡಗಡೆ ಒಂದು ಕಡೆ ಮಾತ್ರ ತುಕ್ಕು, ವೆಲ್ಡಿಂಗ್ ಆಯಿತು. ಫೇಸಿಂಗ್, ವಾಲ್ವ್ ಕೆಲಸ, ಗ್ಯಾಸ್ಕೆಟ್, ಪಂಪ್, ಹೋಸ್, ಹೊಸ ರೇಡಿಯೇಟರ್, ನೀರಿನಂಶ ಪೂರ್ತಿ ಹೋಗಲಿ ಅಂತ ಎರಡು ಸಲ ಆಯಿಲ್, ಎಲ್ಲ ಸೇರಿ 19,400 ರೂಪಾಯಿ.

ನಿನ್ನೆ ಆಯಿಯನ್ನು ಕೂರಿಸಿಕೊಂಡು ಕತಗಾಲದವರೆಗೆ ಹೋಗಿ ಬಂದೆ. ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. 500 ಕಿಮೀ ಆದ ಮೇಲೆ ಮತ್ತೊಮ್ಮೆ ಆಯಿಲ್ ಬದಲಿಸಿ ಘಾಟಿ ಹತ್ತುತ್ತೇನೆ.