‘ನೇರ ದೂರ’ ಅಂದ್ರೆ ಯಾವ ದೂರ? ವಿಮಾನದ ದೂರಕ್ಕೆ ಒಂದು ಪದ ಬೇಕಿತ್ತು

ಎಲ್ರಿಗೂ ನಮಸ್ಕಾರ. ಹಾಸನದ ಹೈಸ್ಕೂಲ್ ಮಕ್ಕಳಿಗೆ ಅಂತ ಭೂಗೋಳದ ಒಂದು ಪಾಠ ಬರೀತಿದೀನಿ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅನ್ನೋದೇ ವಿಷಯ. ಲೆಕ್ಕ ಸಲೀಸು, ಪದ ಸಿಗ್ತಿಲ್ಲ.

ಪೇಪರ್‌ನವರು ‘ನೇರ ದೂರ’ ಅಂತಾರೆ, ಇಲ್ಲಾಂದ್ರೆ ‘ವೈಮಾನಿಕ ದೂರ’. ಆದ್ರೆ ‘ನೇರ ವಿಮಾನ’ ಅಂದ್ರೆ ನಡುವೆ ಎಲ್ಲೂ ಇಳೀದೆ ಹೋಗೋದು ಅಂತ ಅಷ್ಟೇ. ನಮ್ಮಲ್ಲಿ ಮಂಗಳೂರಿಗೆ ನೇರ ಬಸ್ಸಿದೆ ಅಂತೀವಿ, ಅದು ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಸುತ್ತಿ ಬಳಸಿ ಹೆಚ್ಚುಕಮ್ಮಿ 170 ಕಿಲೋಮೀಟರ್ ಹೋಗುತ್ತೆ, ಮ್ಯಾಪ್ ಮೇಲೆ ಸ್ಕೇಲ್ ಇಟ್ರೆ 135ರ ಹತ್ರ ಬರುತ್ತೆ. ಎರಡಕ್ಕೂ ಒಂದೇ ‘ನೇರ’ ಹಾಕಿದ್ರೆ ಮಕ್ಕಳು ಏನಂತ ತಿಳ್ಕೋಬೇಕು?

ದೂರದೂರದ ಊರಿಗೆ ಬಂದ್ರೆ ಸ್ಕೇಲೂ ಕೈ ಕೊಡುತ್ತೆ. ಗೋಡೆ ಮ್ಯಾಪಲ್ಲಿ ಗೆರೆ ಎಳೀರಿ ಅಂದ್ರೆ ಮಕ್ಕಳು ಪೆಸಿಫಿಕ್ ಮೇಲೆ ಅಡ್ಡಡ್ಡ ಎಳೀತಾರೆ, ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಚೀನಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೂ ಹತ್ತಿ ಅಲಾಸ್ಕಾ ಮೇಲಿಂದ ಇಳಿಯುತ್ತೆ. ಎರಡು ಊರಿನ ನಡುವೆ ಎಲ್ಲಕ್ಕಿಂತ ಹತ್ತಿರದ ದಾರಿ ಇದೇ, ಗಣಿತದಲ್ಲಿ ಇದು ಮಹಾವೃತ್ತದ, ಅಂದ್ರೆ ಭೂಮಿಯನ್ನ ಸರಿಯಾಗಿ ಎರಡು ಪಾಲು ಮಾಡೋ ಸುತ್ತಿನ, ಒಂದು ತುಂಡು. ಭೂಮಿ ನಡುಮಧ್ಯದಿಂದ ನೋಡಿದ್ರೆ ಈ ಎರಡು ಊರಿನ ನಡುವೆ ಸುಮಾರು 126 ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರ್, ಅಲ್ಲಿಗೆ 14,000 ಆಯ್ತು.

ಆದ್ರೆ ವಿಮಾನ ಇದೇ ಗೆರೆ ಹಿಡಿದು ಹೋಗಬೇಕು ಅಂತೇನಿಲ್ಲ! 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದ್ರಲ್ಲ, ಧ್ರುವ ಮುಟ್ಟಿ ಬರೋ ದಾರಿ ಅಂದ್ರೆ ಕಮ್ಮಿ ಅಂದ್ರೂ ಸುಮಾರು 14,400 ಆಗುತ್ತೆ. ದಾರಿ ಉದ್ದ ಆದ್ರೂ ಗಾಳಿ ಬೆನ್ನಿಗಿದ್ರೆ ಹೊತ್ತೂ ಇಂಧನವೂ ಉಳಿಯುತ್ತೆ, ಹಂಗಾಗಿ ಆವತ್ತಿನ ಗಾಳಿ ನೋಡ್ಕೊಂಡು ದಾರಿ ಆರಿಸ್ತಾರೆ. ಅಂದ್ಮೇಲೆ ಊರಿಂದೂರಿಗೆ ಇರೋ ಅಂತರ ಒಂದು, ವಿಮಾನ ನಿಜವಾಗಿ ಹಾರಿದ್ದು ಇನ್ನೊಂದು. ‘ವೈಮಾನಿಕ ದೂರ’ ಅನ್ನೋದು ಎರಡನೇದಕ್ಕೇ ಸರಿ ಅಂತ ನನ್ನ ಅನಿಸಿಕೆ, ಮೊದಲನೇದು ವಿಮಾನನೇ ಇಲ್ದಿದ್ರೂ ಇರುತ್ತೆ.

ಮೊದಲನೇದಕ್ಕೆ ‘ಮಹಾವೃತ್ತ ದೂರ’ ಸರಿಯಾದ ಪದಾನೇ, ಆದ್ರೆ ಎಂಟನೇ ಕ್ಲಾಸಿಗೆ ಭಾರ. ನಮ್ಮ ಕಡೆ ಹಿರಿಯರ ಬಾಯಲ್ಲಿ ಹರದಾರಿ, ಗಾವುದ ಇದ್ವು, ಅವು ನಡೆಯೋ ದಾರಿಯ ಅಳತೆ, ಇಲ್ಲಿಗೆ ಒಗ್ಗಲ್ಲ. ‘ಕೂಗಳತೆ’ ಮಾತ್ರ ಇವತ್ತಿಗೂ ಚೆನ್ನಾಗಿ ಓಡ್ತಿದೆ, ತೋಟದ ಮನೆ ಕೂಗಳತೆ ದೂರದಲ್ಲಿದೆ ಅಂದ್ರೆ ಮಧ್ಯೆ ಹಳ್ಳ ಇದೆಯಾ ಗದ್ದೆ ಬದು ಬಳಸಿ ಹೋಗಬೇಕಾ ಅಂತ ಯಾರೂ ಕೇಳಲ್ಲ, ಕೂಗು ಮುಟ್ಟೋ ದೂರ ಅಷ್ಟೇ. ಅದೇ ಜಾಡಲ್ಲಿ ‘ಹಾರಳತೆ’ ಅನ್ನಬಹುದಾ? ಮನೇಲಿ ಕೇಳಿದ್ದಕ್ಕೆ ಹೂವಿನ ಹಾರದ ಅಳತೆ ಅನ್ನಿಸುತ್ತೆ ಅಂದ್ರು, ಆ ಮಾತು ತಳ್ಳಿಹಾಕೋ ಹಾಗಿಲ್ಲ. ‘ಬಾನಳತೆ’ ಕಿವಿಗೆ ಹಿತವಾಗಿದೆ, ಆದ್ರೆ ಅಳೀತಿರೋದು ಬಾನನ್ನಲ್ಲ, ನೆಲವನ್ನ.

ಜೊತೆಗೆ ಇನ್ನೊಂದು. 14,000 ಕಿಲೋಮೀಟರ್ ಅಂದ್ರೆ ನಾವು ಬಳಸ್ತಿದ್ದ ಮೈಲಿಯಲ್ಲಿ 8,700, ಪೈಲಟ್‌ಗಳ ಮೈಲಿಯಲ್ಲಿ 7,560, ಯಾಕಂದ್ರೆ ಅವರದ್ದು 1.852 ಕಿಲೋಮೀಟರ್. ಇದಕ್ಕೆ ‘ನಾವಿಕ ಮೈಲಿ’ ಅಂತ ಹಾಕಿದೀನಿ, ವಿಮಾನದ ಪಾಠದಲ್ಲಿ ನಾವಿಕ ಯಾಕೆ ಬಂದ ಅಂತ ಒಂದು ಸಾಲು ವಿವರಣೆ ಕೊಟ್ರೆ ಸಾಕು ಅನ್ಸುತ್ತೆ.

ಮಲೆನಾಡು, ಕರಾವಳಿ ಕಡೆಯವರು ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ರಸ್ತೆ ಬಿಟ್ಟು ದೂರ ಹೇಳುವಾಗ ಏನಂತೀರಿ? ಆಡುಮಾತಲ್ಲಿ ಇರೋ ಪದ ಸಿಕ್ರೆ ಹೊಸದು ಕಟ್ಟೋದು ಬೇಡ, ಅದನ್ನೇ ಹಾಕ್ತೀನಿ.