ಜಿಂಕೆ ಬೇಟೆಗೆ ಫ್ಲಿಂಟ್‌ಲಾಕ್: .45, .50, .54ರಲ್ಲಿ ಯಾವುದು?

ಪ್ರಶ್ನೆ: ಸಸ್ಕ್ವೆಹಾನಾ_ದಂಡೆ

ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಬರುವ ಫ್ಲಿಂಟ್‌ಲಾಕ್ ಸೀಸನ್ನಿಗೆ, ಅಂದರೆ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿಯ ಬೇಟೆ ಕಾಲಕ್ಕೆ, ಕೋವಿ ಕೊಳ್ಳಬೇಕು. ಬೇಟೆ ಬಿಳಿಬಾಲದ ಜಿಂಕೆ. ಜಾಗ ಓಕ್ ಮರಗಳ ಗುಡ್ಡ, ಮಧ್ಯೆ ಮಧ್ಯೆ ಲಾರೆಲ್ ಪೊದೆ. ಕಣ್ಣಿಗೆ ಸಿಗುವ ದೂರ ಹೆಚ್ಚೆಂದರೆ 60-70 ಗಜ. ಬಟ್ಟೆ ಸುತ್ತಿದ ಸೀಸದ ದುಂಡು ಗುಂಡನ್ನೇ ಹೊಡೆಯುವ ಉದ್ದೇಶ. ಒಂದೆರಡು ವರ್ಷ ಬಿಟ್ಟು ಕೊಲೊರಾಡೊಗೆ ಮ್ಯೂಲ್ ಡಿಯರ್ ಬೇಟೆಗೂ ಇದೇ ಕೋವಿ ಒಯ್ಯುವ ಯೋಚನೆ ಇದೆ. ನಳಿಗೆಯ ಒಳ ಅಗಲ (ಕ್ಯಾಲಿಬರ್) ಎಷ್ಟಿರಬೇಕು ಎಂಬುದೇ ಪ್ರಶ್ನೆ: ಅಂಗಡಿಯವರು .50 ಇಂಚು ಎನ್ನುತ್ತಾರೆ, ರೇಂಜಿನಲ್ಲಿ ಒಬ್ಬರು .45 ಸಾಕು ಎಂದರು, ಇನ್ನೊಬ್ಬರು .54 ಬಿಟ್ಟು ಬೇರೆ ಮುಟ್ಟಬೇಡಿ ಎಂದರು. ಕಾರಣ ಸಮೇತ ಹೇಳುವವರು ಬೇಕು. ಇನ್ನೊಂದು ಸಂಗತಿ: ಎಚ್-1ಬಿ ವೀಸಾದಲ್ಲಿ ಇದ್ದವರು ಇಂಥ ಕೋವಿ ಇಟ್ಟುಕೊಳ್ಳಬಹುದೇ?

ಉತ್ತರ 1: ನಳಿಗೆ_ಲೆಕ್ಕ

ಕ್ಯಾಲಿಬರಿಗಿಂತ ಮೊದಲು ಎರಡು ವಿಷಯ ತೀರ್ಮಾನವಾಗಬೇಕು: ಕಾನೂನು ಮತ್ತು ನಳಿಗೆಯ ಸುತ್ತು. ಅವೆರಡು ಗಟ್ಟಿಯಾದರೆ ಕ್ಯಾಲಿಬರ್ ಮುಕ್ಕಾಲು ಪಾಲು ತಾನೇ ನಿಶ್ಚಯವಾಗುತ್ತದೆ.

ಪೆನ್ಸಿಲ್ವೇನಿಯಾದ ಆ ಸೀಸನ್ನಿಗೆ ಚಕಮಕಿ ಕಲ್ಲಿನಿಂದಲೇ ಕಿಡಿ ಹುಟ್ಟಬೇಕು, .44 ಅಥವಾ ಅದಕ್ಕಿಂತ ದೊಡ್ಡ ನಳಿಗೆ ಇರಬೇಕು, ಗುರಿಕಣ್ಣು ಗಾಜಿಲ್ಲದ ತೆರೆದ ಬಗೆಯದಾಗಿರಬೇಕು. ಈ ಪಟ್ಟಿಯಲ್ಲಿ .45 ಪಾಸು. ಕೊಲೊರಾಡೊದಲ್ಲಿ ಅದೇ .45 ಎಡವುತ್ತದೆ. ಅಲ್ಲಿ ಜಿಂಕೆಗೆ ಕನಿಷ್ಠ .40 ಎಂದು ಬರೆದಿರುವುದನ್ನು ಓದಿ ಜನ ನಿಶ್ಚಿಂತರಾಗುತ್ತಾರೆ. ಕೆಳಗಿನ ಸಾಲು ಓದುವುದಿಲ್ಲ: .40ರಿಂದ .50ರವರೆಗಿನ ಕೋವಿಗೆ ಗುಂಡು ಕನಿಷ್ಠ 170 ಗ್ರೇನ್ (7,000 ಗ್ರೇನ್ ಅಂದರೆ ಒಂದು ಪೌಂಡ್) ತೂಗಬೇಕು, .50 ದಾಟಿದರೆ 210 ಗ್ರೇನ್. ಶುದ್ಧ ಸೀಸದ ದುಂಡು ಗುಂಡುಗಳ ತೂಕ ನೋಡಿ:

.45 ಕೋವಿಗೆ .440 ಇಂಚಿನ ಗುಂಡು: 128 ಗ್ರೇನ್
.50 ಕೋವಿಗೆ .490 ಇಂಚಿನ ಗುಂಡು: 177 ಗ್ರೇನ್
.54 ಕೋವಿಗೆ .530 ಇಂಚಿನ ಗುಂಡು: 224 ಗ್ರೇನ್

ದುಂಡು ಗುಂಡು ಹೊಡೆಯುವುದೇ ಆದರೆ .45 ಅಲ್ಲಿಗೆ ಹೊರಗಾಯಿತು. .50 ಏಳು ಗ್ರೇನ್ ಅಂತರದಲ್ಲಿ ಒಳಗೆ ಬರುತ್ತದೆ. ಮುಂದೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಆಸೆ ಹುಟ್ಟಿದರೂ ಅಲ್ಲಿ .50ಕ್ಕಿಂತ ಕಡಿಮೆ ನಡೆಯದು. ನಿಯಮ ವರ್ಷ ವರ್ಷ ತಿದ್ದುಪಡಿ ಆಗುತ್ತಿರುತ್ತದೆ, ಲೈಸೆನ್ಸ್ ಕೊಳ್ಳುವಾಗ ಆ ವರ್ಷದ ಪುಸ್ತಿಕೆ ತೆಗೆದು ನೋಡಿ.

ಇನ್ನು ಸುತ್ತು. ನಳಿಗೆಯೊಳಗಿನ ತಿರುಪುಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಪೂರೈಸುತ್ತದೆ ಎಂಬುದು. ದುಂಡು ಗುಂಡಿಗೆ ನಿಧಾನದ ಸುತ್ತು ಬೇಕು, 60ರಿಂದ 70 ಇಂಚಿಗೆ ಒಂದು. ಉದ್ದನೆಯ ಗುಂಡಿಗೆ, ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರುವ ಸ್ಯಾಬಟ್ ಗುಂಡಿಗೆ ಬಿಗಿ ಸುತ್ತು ಬೇಕು, ಇನ್‌ಲೈನ್ ಕೋವಿಗಳಲ್ಲಿ (ಕಿಡಿ ಮದ್ದಿನ ನೇರ ಹಿಂದೆ ಹುಟ್ಟುವ ಆಧುನಿಕ ಬಗೆ) ಸಾಮಾನ್ಯವಾಗಿ 28 ಇಂಚಿಗೆ ಒಂದು. ಬಿಗಿ ಸುತ್ತಿನ ನಳಿಗೆಯಲ್ಲಿ ದುಂಡು ಗುಂಡಿಗೆ ಹೆಚ್ಚು ಮದ್ದು ಹಾಕಿದರೆ ಬಟ್ಟೆ ಗೆರೆಯ ಹಿಡಿತ ಬಿಟ್ಟು ಜಾರುತ್ತದೆ, ಗುಂಡು ಸುತ್ತದೆ ಹೊರಡುತ್ತದೆ, ಗುರಿ ಚೆಲ್ಲಾಪಿಲ್ಲಿ. 48 ಇಂಚಿನದು ನಡುದಾರಿ. ಟ್ರೆಡಿಷನ್ಸ್ ಡೀರ್‌ಹಂಟರ್, ಹಳೆಯ ಥಾಂಪ್ಸನ್ ಸೆಂಟರ್ ಹಾಕೆನ್ ಎರಡೂ ಈ ಬಗೆಯವು. 70-80 ಗ್ರೇನ್ ಮದ್ದಿನೊಳಗೆ ದುಂಡು ಗುಂಡನ್ನು ಚೆನ್ನಾಗಿಯೇ ಹೊಡೆಯುತ್ತವೆ. ಲೈಮನ್ ಗ್ರೇಟ್ ಪ್ಲೇನ್ಸ್ ರೈಫಲ್ 60 ಇಂಚಿನದು. ಹಳೆಯದು ಕೊಳ್ಳುವಾಗ ಹೆಸರು ಪೂರ್ತಿ ಓದಿ: ಅದೇ ಮೈಕಟ್ಟಿನ ಗ್ರೇಟ್ ಪ್ಲೇನ್ಸ್ ಹಂಟರ್ ಎಂಬುದಕ್ಕೆ 32 ಇಂಚಿನ ಸುತ್ತು, ಅದು ಉದ್ದ ಗುಂಡಿನ ಕೋವಿ.

ನಿಮ್ಮ ಕಾಡಿಗೆ, ನಿಮ್ಮ ಯೋಜನೆಗೆ ನನ್ನ ಮತ .50, ನಿಧಾನ ಸುತ್ತು. .490 ಗುಂಡು ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಉತ್ತರ 2: ಲಾರೆಲ್_ಗುಡ್ಡ

ದುಂಡು ಗುಂಡೇ ಎಂದಮೇಲೆ .54 ತೆಗೆದುಕೊಳ್ಳಿ. ದುಂಡು ಗುಂಡು ಗಾಳಿಯಲ್ಲಿ ವೇಗವನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ. 90 ಗ್ರೇನ್ ಮದ್ದಿನಲ್ಲಿ .50 ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 1,900 ಅಡಿ. 100 ಗಜ ಮುಟ್ಟುವಾಗ 1,100ರ ಆಸುಪಾಸು. ಶಕ್ತಿಯ ಲೆಕ್ಕದಲ್ಲಿ 1,400 ಫುಟ್-ಪೌಂಡ್ ಇದ್ದದ್ದು 480ಕ್ಕೆ ಇಳಿಯಿತು. ಅಷ್ಟು ದೂರದಲ್ಲಿ .45 ಉಳಿಸಿಕೊಳ್ಳುವುದು 300 ಚಿಲ್ಲರೆ, .54 ಉಳಿಸಿಕೊಳ್ಳುವುದು 580ರಷ್ಟು. ಮದ್ದು ಹೆಚ್ಚಿಸಿ ವೇಗ ಏರಿಸಿದರೆ ಆ ಹೆಚ್ಚಿನ ವೇಗ ಮೊದಲ 50 ಗಜದಲ್ಲೇ ಕರಗುತ್ತದೆ. ದೂರ ಹೋದರೂ ಕರಗದೆ ಉಳಿಯುವುದು ತೂಕ ಒಂದೇ. ನಳಿಗೆಯ ಅಗಲ .50ರಿಂದ .54ಕ್ಕೆ ಏರುವುದು ನೂರಕ್ಕೆ 8, ಗುಂಡಿನ ತೂಕ ಏರುವುದು ನೂರಕ್ಕೆ 27.

ಒದೆತಕ್ಕೆ ಹೆದರಬೇಡಿ. ಕಪ್ಪು ಮದ್ದಿನ ಒದೆತ ಭುಜವನ್ನು ಹಿಂದಕ್ಕೆ ನೂಕುತ್ತದೆ, ಗುದ್ದುವುದಿಲ್ಲ. ಹೊರಗಿನ ದಪ್ಪ ಒಂದೇ ಇರುವ ಎರಡು ನಳಿಗೆಗಳಲ್ಲಿ .54ರದ್ದೇ ಹಗುರ, ಏಕೆಂದರೆ ಒಳಗಿನ ತೂತು ದೊಡ್ಡದು. ಇಡೀ ದಿನ ಹಿಮದಲ್ಲಿ ಗುಡ್ಡ ಹತ್ತುವಾಗ ಮೂತಿಭಾರದ .45ಕ್ಕೂ ಇದಕ್ಕೂ ಇರುವ ವ್ಯತ್ಯಾಸ ತೋಳಿಗೆ ಗೊತ್ತಾಗುತ್ತದೆ.

ಖರ್ಚು ಮಾತ್ರ ಹೆಚ್ಚು, ಅದನ್ನು ಒಪ್ಪುತ್ತೇನೆ. ಒಂದು ಪೌಂಡ್ ಸೀಸದಲ್ಲಿ .50ರ ಗುಂಡು 39 ಆಗುತ್ತವೆ, .54ರದ್ದು 31.

ಉತ್ತರ 3: ನಳಿಗೆ_ಲೆಕ್ಕ

ಲೆಕ್ಕ ಸರಿಯಿದೆ, ಆದರೆ ಅವರಿಗೆ 100 ಗಜದ ಹೊಡೆತವೇ ಇಲ್ಲ. 60 ಗಜದಲ್ಲಿ .50ರ ಗುಂಡು ಅಡ್ಡ ನಿಂತ ಜಿಂಕೆಯ ಎರಡೂ ಶ್ವಾಸಕೋಶ ದಾಟುತ್ತದೆ, ಬಹಳ ಸಲ ಆಚೆಬದಿಯಿಂದ ಹೊರಬೀಳುತ್ತದೆ. ದೂರಕ್ಕೆ ಮಿತಿ ಹಾಕುವುದು ಶಕ್ತಿಗಿಂತ ಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ .50 ಗುಂಡನ್ನು 50 ಗಜದಲ್ಲಿ ಎರಡು ಇಂಚು ತಳ್ಳಿದರೆ 100 ಗಜದಲ್ಲಿ ಎಂಟು ಇಂಚು ತಳ್ಳುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಹೋಗಲು ಅಷ್ಟು ಸಾಕು. .54ರಲ್ಲಿ ಇದು ಸ್ವಲ್ಪ ಕಡಿಮೆ, ಇಲ್ಲವಾಗುವುದಿಲ್ಲ. ಆದ್ದರಿಂದ ಯಾವ ಕ್ಯಾಲಿಬರ್ ಆದರೂ ತೆರೆದ ಗುರಿಕಣ್ಣು, ದುಂಡು ಗುಂಡು ಎಂದರೆ 75 ಗಜ ಗಡಿ ಎಂದಿಟ್ಟುಕೊಳ್ಳಿ. ಗುರಿಯನ್ನು 75ಕ್ಕೆ ಕಟ್ಟಿದರೆ 50ರಲ್ಲಿ ಅರ್ಧ ಇಂಚು ಮೇಲೆ ಬೀಳುತ್ತದೆ. ಕಾಡಿನಲ್ಲಿ ಏನನ್ನೂ ಎಣಿಸುವ ಗೋಜಿಲ್ಲ.

.45ರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಗುರಿ ಹೊಡೆಯಲು ಅದು ಚೆಂದದ ಕ್ಯಾಲಿಬರ್, ಮದ್ದೂ ಸೀಸವೂ ಕಡಿಮೆ ಸಾಕು. ಜಿಂಕೆಗೆ 50 ಗಜದೊಳಗೆ, ಅಡ್ಡ ನಿಂತಾಗ, ಪಕ್ಕೆಲುಬಿನ ಮಧ್ಯೆ ಹೊಡೆದರೆ ಕೆಲಸ ಮಾಡುತ್ತದೆ. ಓರೆಯಾಗಿ ನಿಂತು ಭುಜದ ಮೂಳೆ ಅಡ್ಡ ಬಂದರೆ 128 ಗ್ರೇನ್ ಆಳಕ್ಕೆ ಇಳಿಯುವುದಿಲ್ಲ. ಗಾಯಗೊಂಡ ಪ್ರಾಣಿ ಲಾರೆಲ್ ಪೊದೆ ಹೊಕ್ಕರೆ ಮತ್ತೆ ಸಿಗುವುದು ಕಷ್ಟ. ಇನ್‌ಲೈನ್ ಕೋವಿಯ .45 ಬೇರೆಯೇ ವಿಷಯ, ಅದರಲ್ಲಿ 200 ಗ್ರೇನ್ ದಾಟಿದ ಉದ್ದ ಗುಂಡು ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸಲಹೆ ಕೊಡುವವರಿಂದಲೇ ಈ ಗೊಂದಲ.

ಸಸ್ಕ್ವೆಹಾನಾ_ದಂಡೆ

.50ಕ್ಕೆ ಮನಸ್ಸು ವಾಲಿದೆ. ಮದ್ದು ಯಾವುದು, ಎಷ್ಟು, ಬಟ್ಟೆ ಎಷ್ಟು ದಪ್ಪ? ಅಕ್ಟೋಬರ್ ತಿಂಗಳ ಮಝಲ್‌ಲೋಡರ್ (ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬುವ ಕೋವಿ) ಸೀಸನ್ನಿಗೂ ಇದೇ ಆಗುತ್ತದೆಯೇ?

ಉತ್ತರ 4: ಎರಡೆಫ್_ಮದ್ದು

ಅಕ್ಟೋಬರಿನದು ಕೊಂಬಿಲ್ಲದ ಜಿಂಕೆಗಳ ಸೀಸನ್ನು. ಅದರಲ್ಲಿ ಇನ್‌ಲೈನ್, ಸ್ಕೋಪ್ ಎಲ್ಲಕ್ಕೂ ಅನುಮತಿ ಇದೆ, ಫ್ಲಿಂಟ್‌ಲಾಕಿಗೂ ಅಡ್ಡಿಯಿಲ್ಲ. ಹಿಂದುಮುಂದಾದರೆ ಮಾತ್ರ ತೊಂದರೆ: ಇನ್‌ಲೈನ್ ಹಿಡಿದು ಕ್ರಿಸ್‌ಮಸ್ ನಂತರದ ಸೀಸನ್ನಿಗೆ ಹೋಗುವಂತಿಲ್ಲ. ಕೊಲೊರಾಡೊದ ಮಝಲ್‌ಲೋಡರ್ ಸೀಸನ್ನಿನಲ್ಲಿ ಸ್ಕೋಪ್, ಸ್ಯಾಬಟ್, ಗುಳಿಗೆಯಾಗಿ ಒತ್ತಿದ ಕೋವಿಮದ್ದು ಮೂರೂ ನಿಷಿದ್ಧ, ಹಾಗಾಗಿ ನಿಮ್ಮ ಕೋವಿ ಅಲ್ಲಿಯೂ ಸಲ್ಲುತ್ತದೆ.

ಮದ್ದು: ಫ್ಲಿಂಟ್‌ಲಾಕಿಗೆ ಅಪ್ಪಟ ಕಪ್ಪು ಮದ್ದೇ ಬೇಕು. ಗೋಯೆಕ್ಸ್, ಸ್ವಿಸ್, ಶೂಟ್ಸನ್ ಯಾವುದಾದರೂ ಸರಿ. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಎಂಬ ಬದಲಿ ಮದ್ದುಗಳಿಗೆ ಬೆಂಕಿ ಹಿಡಿಯಲು ಹೆಚ್ಚು ಬಿಸಿ ಬೇಕು, ಪ್ಯಾನಿನ (ನಳಿಗೆಯ ಪಕ್ಕದಲ್ಲಿ ಕಿಡಿ ಬೀಳುವ ಪುಟ್ಟ ಬಟ್ಟಲು) ಕಿಡಿಗೆ ತಡವಾಗಿ ಹೊತ್ತುತ್ತವೆ ಅಥವಾ ಹೊತ್ತುವುದೇ ಇಲ್ಲ. ಬ್ಲ್ಯಾಕ್‌ಹಾರ್ನ್ 209 ಅಂತೂ ಶಾಟ್‌ಗನ್ ಪ್ರೈಮರ್ ಇಲ್ಲದೆ ಉರಿಯದು. ಹೊಗೆರಹಿತ ಮದ್ದನ್ನು ಒಂದು ಚಿಟಿಕೆಯೂ ಹಾಕಬೇಡಿ, ನಳಿಗೆ ಸಿಡಿಯುತ್ತದೆ.

.50ರ ನಳಿಗೆಗೆ ಎರಡು ಎಫ್ ಕಾಳು, ಪ್ಯಾನಿಗೆ ನಾಲ್ಕು ಎಫ್ ಪುಡಿ (ಎಫ್ ಹೆಚ್ಚಿದಷ್ಟೂ ಕಾಳು ನುಣ್ಣಗೆ). ಅಳೆಯುವುದು ಗಾತ್ರದಿಂದ, ಪಿತ್ತಾಳೆಯ ಅಳತೆ ಕೊಳವೆಯಲ್ಲಿ. ಮದ್ದಿನ ಬುಡ್ಡಿಯಿಂದ ನೇರ ನಳಿಗೆಗೆ ಸುರಿಯುವ ಅಭ್ಯಾಸ ಬೇಡ. ಒಳಗೆ ಹಿಂದಿನ ಈಡಿನ ಕೆಂಡ ಉಳಿದಿದ್ದರೆ ಕೈಯಲ್ಲಿರುವ ಬುಡ್ಡಿಯೇ ಸಿಡಿಯುತ್ತದೆ.

60 ಗ್ರೇನಿನಿಂದ ಶುರು ಮಾಡಿ. 50 ಗಜದಲ್ಲಿ ಮೂರು ಈಡು, ಮತ್ತೆ 5 ಗ್ರೇನ್ ಏರಿಸಿ ಮೂರು, ಹೀಗೆ 90ರವರೆಗೆ. ಕೋವಿ ಮಾಡಿದವರ ಗರಿಷ್ಠ ಮಿತಿ ಕೈಪಿಡಿಯಲ್ಲಿರುತ್ತದೆ, ಅದನ್ನು ದಾಟಬೇಡಿ. ಒಂದು ಹಂತದಲ್ಲಿ ಮೂರೂ ಗುಂಡು ಹತ್ತಿರ ಬಂದು ಕೂರುತ್ತವೆ, ಅಲ್ಲಿ ನಿಲ್ಲಿಸಿ. ಬಹುಪಾಲು .50 ಕೋವಿಗಳು 70-80ರಲ್ಲಿ ನೆಲೆ ನಿಲ್ಲುತ್ತವೆ. ಒಂದು ಪೌಂಡ್ ಮದ್ದು 7,000 ಗ್ರೇನ್, ಅಂದರೆ 70ರ ಲೆಕ್ಕದಲ್ಲಿ ಸರಿಯಾಗಿ ನೂರು ಈಡು. ಸೀಸನ್ನಿಗೆ ಮುಂಚೆ ಆ ನೂರನ್ನೂ ಹೊಡೆದು ಮುಗಿಸಿ.

ಬಟ್ಟೆ: ದಿಂಬಿನ ಗವಸಿನ ಹತ್ತಿ, .015 ಅಥವಾ .018 ಇಂಚು ದಪ್ಪ. ಜೇನುಮೇಣ ಮತ್ತು ಕೊಬ್ಬಿನ ಮಿಶ್ರಣ ಸವರಿ. ಹೊಡೆದ ಮೇಲೆ ನಳಿಗೆಯ ಮುಂದೆ ಹತ್ತು ಹದಿನೈದು ಅಡಿಯೊಳಗೆ ಬಿದ್ದ ಬಟ್ಟೆಗಳನ್ನು ಹೆಕ್ಕಿ ತನ್ನಿ, ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಅಂಚು ಪಿಸಿದು ನಡುಭಾಗ ಗಟ್ಟಿಯಿದ್ದರೆ ಎಲ್ಲ ಸರಿ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಉಂಗುರದಂತೆ ಕತ್ತರಿಸಿದ್ದರೆ ನಳಿಗೆಯ ಬಾಯಂಚು ಅಥವಾ ಹೊಸ ಗೆರೆಗಳ ಅಂಚು ಹರಿತವಾಗಿದೆ, ಅದನ್ನು ನಯ ಮಾಡಿಸಬೇಕು.

ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಬೇಕು. ನಡುವೆ ಜಾಗ ಉಳಿದರೆ ಆ ಒತ್ತಡಕ್ಕೆ ನಳಿಗೆ ಉಬ್ಬುತ್ತದೆ. ಖಾಲಿ ನಳಿಗೆಗೆ ರಾಮ್‌ರಾಡ್ (ಗುಂಡು ತಳ್ಳುವ ಕೋಲು) ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೆರೆ, ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ ಕೆತ್ತಿ. ಎರಡನೆಯ ಗೆರೆ ಬಾಯಿಗೆ ಬರದಿದ್ದರೆ ಕುದುರೆ ಎಳೆಯಬೇಡಿ. ಎರಡು ಮೂರು ಈಡಿನ ಬಳಿಕ ಗುಂಡು ಇಳಿಯಲು ಬಿಗಿಯಾದರೆ ಅದು ಮಸಿ ಕಟ್ಟಿದ್ದು, ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ ಆಡಿಸಿ.

ಉತ್ತರ 5: ಲಾರೆಲ್_ಗುಡ್ಡ

ಸರಿ, .50 ಕೊಳ್ಳಿ, ತಪ್ಪೇನಿಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಜಿಂಕೆ ತಪ್ಪುವುದು ಕ್ಯಾಲಿಬರಿನಿಂದಲ್ಲ, ತೇವದಿಂದ. ಕಪ್ಪು ಮದ್ದು ತೇವ ಹೀರುತ್ತದೆ. ಪ್ಯಾನಿನ ಪುಡಿಯನ್ನು ಗಂಟೆಗೊಮ್ಮೆ ಚೆಲ್ಲಿ ಹೊಸದು ಹಾಕಿ, ಹಿಮ ಬೀಳುತ್ತಿದ್ದರೆ ಅರ್ಧ ಗಂಟೆಗೆ. ಹಾಕುವ ಮೊದಲು ಪ್ಯಾನು, ಫ್ರಿಝನ್ (ಕಲ್ಲು ಬಡಿಯುವ ಉಕ್ಕಿನ ತುಂಡು) ಮುಖ, ಕಲ್ಲಿನ ಅಂಚು ಮೂರನ್ನೂ ಒಣ ಬಟ್ಟೆಯಲ್ಲಿ ಒರೆಸಬೇಕು. ಫ್ರಿಝನ್ ಮೇಲೆ ಎಣ್ಣೆಯ ಪೊರೆ ಇದ್ದರೂ ಕಿಡಿ ಏಳುವುದಿಲ್ಲ. ಲಾಕ್ (ಕಿಡಿ ಹುಟ್ಟಿಸುವ ಭಾಗ) ಮೇಲೆ ಮೇಣ ಹಚ್ಚಿದ ಚರ್ಮದ ಹೊದಿಕೆ ಕಟ್ಟಿ. ಪ್ಯಾನನ್ನು ತುಂಬಿ ತುಳುಕಿಸಬೇಡಿ, ಅರ್ಧ ಸಾಕು. ಟಚ್‌ಹೋಲ್ (ಪ್ಯಾನಿನಿಂದ ನಳಿಗೆಯೊಳಗೆ ಬೆಂಕಿ ಹೋಗುವ ತೂತು) ಪುಡಿಯಿಂದ ಮುಚ್ಚಿಹೋದರೆ ಉರಿ ಬತ್ತಿಯಂತೆ ನಿಧಾನವಾಗಿ ಒಳಗೆ ಸಾಗುತ್ತದೆ, ಅಷ್ಟರಲ್ಲಿ ಗುರಿ ಅಲುಗಿರುತ್ತದೆ.

ರಾತ್ರಿ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತಂದರೆ ನಳಿಗೆಯೊಳಗೆ ಬೆವರು ಕಟ್ಟುತ್ತದೆ. ಪ್ಯಾನಿನ ಪುಡಿ ತೆಗೆದರೆ ಪೆನ್ಸಿಲ್ವೇನಿಯಾ ನಿಯಮದಂತೆ ಫ್ಲಿಂಟ್‌ಲಾಕ್ ಖಾಲಿ ಎಂದು ಲೆಕ್ಕ, ಆದರೂ ಒಳಗೆ ಮದ್ದು ಗುಂಡು ಇರುವ ಕೋವಿಯನ್ನು ಮನೆಯಲ್ಲಿಡುವುದನ್ನು ನಾನು ಒಪ್ಪುವುದಿಲ್ಲ. ಸಂಜೆ ಸುರಕ್ಷಿತ ಜಾಗದಲ್ಲಿ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿ, ಬಿಸಿನೀರು ಸೋಪಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ತೊಳೆಯದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಮರುದಿನ ತುಂಬುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯುವುದು ಮರೆಯಬೇಡಿ, ಮೊದಲ ಈಡು ಹುಸಿಯಾಗುವುದು ಬಹುತೇಕ ಇದರಿಂದಲೇ.

ಹುಸಿಯಾದರೆ ಕೋವಿಯ ಬಾಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ.

ಉತ್ತರ 6: ಮಡಿಕೇರಿ_ಟು_ಪಿಟ್ಸ್‌ಬರ್ಗ್

ವೀಸಾ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ವಲಸೆಯೇತರ ವೀಸಾದವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅದಲ್ಲದೆ ಕಪ್ಪು ಮದ್ದಿಗೆಂದೇ ಮಾಡಿದ, ತೋಟೆ ಹಾಕಲಾಗದ ಮಝಲ್‌ಲೋಡರ್ ಕೇಂದ್ರ ಕಾನೂನಿನ ವ್ಯಾಖ್ಯೆಯಲ್ಲಿ ಪುರಾತನ ಆಯುಧ, ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ. ನಳಿಗೆ ಬದಲಿಸಿ ಸುಲಭವಾಗಿ ತೋಟೆ ಕೋವಿ ಮಾಡಬಹುದಾದ ಮಾದರಿಗಳಿಗೆ ಈ ರಿಯಾಯಿತಿ ಇಲ್ಲ. ರಾಜ್ಯದ ಕಾನೂನು ಬೇರೆ: ಪಕ್ಕದ ನ್ಯೂಜೆರ್ಸಿಯಲ್ಲಿ ಮಝಲ್‌ಲೋಡರಿಗೂ ಖರೀದಿದಾರರ ಗುರುತಿನ ಕಾರ್ಡು ಬೇಕು. ವೀಸಾ ಪಣಕ್ಕಿಟ್ಟ ವಿಷಯ ಇದು. ಹಣ ಕೊಡುವ ಮೊದಲು ವಲಸೆ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ, ಬೇಟೆ ಲೈಸೆನ್ಸನ್ನೂ ಮೊದಲೇ ಮಾಡಿಸಿ ಸದಾ ಜೊತೆಗಿಡಿ.

ಕೊಡಗು, ಮಲೆನಾಡಿನ ಕೇಪಿನ ಕೋವಿ ನೋಡಿ ಬೆಳೆದವರಿಗೆ ಒಂದು ಮಾತು. ಅಲ್ಲಿನವು ಹೆಚ್ಚಾಗಿ ನಯ ನಳಿಗೆಯವು, ಚರೆ ತುಂಬಿ ಹೊಡೆಯುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯ ಕಾರಣ ಈಗ ಅಲ್ಲಿ ಬೇಟೆಯ ಮಾತೇ ಇಲ್ಲ. ಮದ್ದನ್ನು ಕೈಯಂದಾಜಿನಲ್ಲಿ ಸುರಿಯುವುದು, ಮೇಲೆ ತೆಂಗಿನ ನಾರು ತುರುಕುವುದು, ಇವನ್ನು ಗೆರೆ ಕೊರೆದ ನಳಿಗೆಗೆ ತರಬೇಡಿ. ಇಲ್ಲಿ ಜಿಂಕೆಗೆ ಒಂದೇ ಗುಂಡು, ಅಳೆದ ಮದ್ದು.

ಹೊಡೆದ ಮೇಲೆ ಹೊಗೆ ಕವಿದು ಜಿಂಕೆ ಕಾಣುವುದಿಲ್ಲ. ಮಂಡಿಯೂರಿ ಹೊಗೆಯ ಕೆಳಗಿನಿಂದ ಅದು ಓಡಿದ ದಿಕ್ಕು ನೋಡಿ, ಅದು ನಿಂತಿದ್ದ ಜಾಗಕ್ಕೆ ಒಂದು ಮರ ಗುರುತಿಟ್ಟುಕೊಳ್ಳಿ, ಮತ್ತೆ ಕೋವಿ ತುಂಬಿ. ಅರ್ಧ ಗಂಟೆ ಕಾದು ಹೊರಡಿ. ದುಂಡು ಗುಂಡಿನ ಗಾಯದಿಂದ ಮೊದಲ ಮೂವತ್ತು ನಲವತ್ತು ಗಜ ರಕ್ತ ಕಡಿಮೆ ಬೀಳುತ್ತದೆ, ಹಿಮವಿಲ್ಲದಿದ್ದರೆ ಎಲೆಗಳ ಅಡಿಭಾಗವನ್ನೂ ತಿರುವಿ ನೋಡಬೇಕು.