ಎರಡೂ ಕಾಯಿಲ್ ಒಂದೇ, ಆದ್ರೂ 30 ವೋಲ್ಟ್‌ಗೆ ಬದಲು 6 ವೋಲ್ಟ್ ಯಾಕೆ?

ಇಇಇ_ಲಾಸ್ಟ್‌ಬೆಂಚ್:
ಪ್ರಾಜೆಕ್ಟ್‌ಗೆ ವೈರ್‌ಲೆಸ್ ಚಾರ್ಜರ್ ಮಾಡುತ್ತಿದ್ದೇವೆ. ಎರಡೂ ಕಾಯಿಲ್ 24 ಮೈಕ್ರೋಹೆನ್ರಿ, ಸುತ್ತು ಒಂದೇ. 100 ಕಿಲೋಹರ್ಟ್ಜ್‌ನಲ್ಲಿ ಪ್ರೈಮರಿಗೆ (ಕರೆಂಟ್ ಕೊಡೋ ಕಾಯಿಲ್) 2 ಆಂಪಿಯರ್ ಕೊಟ್ಟಾಗ ಅದರ ಮೇಲೆ 30 ವೋಲ್ಟ್ ಇದೆ. ಸೆಕೆಂಡರಿಯಲ್ಲಿ (ಪವರ್ ಪಡೆಯೋ ಕಾಯಿಲ್) ಬರೋದು 6 ವೋಲ್ಟ್. 10 ಓಮ್ ಲೋಡ್ ಹಾಕಿದರೆ 3.3ಕ್ಕೆ ಇಳಿಯುತ್ತದೆ. (ಎಲ್ಲವೂ ಆರ್‌ಎಂಎಸ್, ಸ್ಕೋಪ್‌ನಲ್ಲಿ ನೋಡಿದ್ದು.) 1:1 ಟ್ರಾನ್ಸ್‌ಫಾರ್ಮರ್ ಅಂದ್ರೆ 30 ಬರಬೇಕಲ್ವಾ?

ಕಾಯಿಲ್_ಸುತ್ತೋನು:
ಸುತ್ತಿನ ಲೆಕ್ಕ ಕಬ್ಬಿಣದ ಕೋರ್ ಇದ್ದಾಗ ಸರಿ. ಇಲ್ಲಿ ಮಧ್ಯೆ ಇರೋದು ಬರೀ ಗಾಳಿ. 30ಕ್ಕೆ 6 ಬಂತು ಅಂದರೆ ಕಪ್ಲಿಂಗ್, ಅಂದರೆ ಒಂದು ಕಾಯಿಲ್‌ನ ಕಾಂತಕ್ಷೇತ್ರದಲ್ಲಿ ಇನ್ನೊಂದಕ್ಕೆ ತಲುಪೋ ಪಾಲು, 0.2. ಎರಡರ ನಡುವಿನ ಮ್ಯೂಚುವಲ್ ಇಂಡಕ್ಟೆನ್ಸ್ 24ರ 0.2 ಪಾಲು, ಅಂದರೆ 4.8 ಮೈಕ್ರೋಹೆನ್ರಿ. ತಾಳೆ ನೋಡಬೇಕಾ? ಕಾಯಿಲ್‌ಗಳನ್ನು ಅಲುಗಾಡಿಸದೆ ಸೀರೀಸ್‌ನಲ್ಲಿ ಜೋಡಿಸಿ ಒಟ್ಟು ಇಂಡಕ್ಟೆನ್ಸ್ ಅಳೆಯಿರಿ, ಆಮೇಲೆ ಒಂದರ ತುದಿ ಅದಲು ಬದಲು ಮಾಡಿ ಅಳೆಯಿರಿ. 57.6 ಮತ್ತು 38.4ರ ಹತ್ತಿರ ಬರಬೇಕು. ವ್ಯತ್ಯಾಸವನ್ನು 4ರಿಂದ ಭಾಗಿಸಿದರೆ ಅದೇ 4.8.

ಇನ್ನು ಲೋಡ್. ಸೆಕೆಂಡರಿಗೆ ತನ್ನದೇ 15 ಓಮ್ ರಿಯಾಕ್ಟೆನ್ಸ್ (ಎಸಿಗೆ ಕಾಯಿಲ್ ಒಡ್ಡೋ ತಡೆ) ಇದೆ, 6 ವೋಲ್ಟ್‌ನ ದೊಡ್ಡ ಪಾಲು ಅದೇ ನುಂಗುತ್ತಿದೆ. ನಿಮಗೆ ಸಿಗೋದು 1.1 ವ್ಯಾಟ್. ಸೀರೀಸ್‌ನಲ್ಲಿ 105 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಆ ರಿಯಾಕ್ಟೆನ್ಸ್ ರದ್ದಾಗಿ (ಇದೇ ಟ್ಯೂನ್ ಮಾಡೋದು, ರೆಸೊನೆನ್ಸ್) ಅದೇ ಕರೆಂಟ್‌ಗೆ 3.5 ವ್ಯಾಟ್ ಬರುತ್ತದೆ.

ಇಇಇ_ಲಾಸ್ಟ್‌ಬೆಂಚ್:
ಸರ್, ಲ್ಯಾಬ್‌ನಲ್ಲಿ 100 ನ್ಯಾನೋಫ್ಯಾರಡ್ ಮಾತ್ರ ಇದೆ. ಎಫಿಶಿಯನ್ಸಿ ಎಷ್ಟು ಅಂತ ಗೈಡ್ ಕೇಳುತ್ತಾರೆ.

ಕಾಯಿಲ್_ಸುತ್ತೋನು:
100 ಸಾಕು, ಫ್ರೀಕ್ವೆನ್ಸಿ 102.7 ಕಿಲೋಹರ್ಟ್ಜ್‌ಗೆ ಏರಿಸಿ. ಪಾಲಿಪ್ರೊಪಿಲೀನ್ ಹಾಕಿ, ಸಿಕ್ಕಿದ ಸೆರಾಮಿಕ್ ಬೇಡ. ಟ್ಯೂನ್ ಆದ ಮೇಲೆ ನಿಮ್ಮ 10 ಓಮ್ ಪ್ರೈಮರಿಗೆ ಹೇಗೆ ಕಾಣುತ್ತದೆ ಗೊತ್ತಾ? ಒಮೆಗಾ (2 ಪೈ ಇಂಟು ಫ್ರೀಕ್ವೆನ್ಸಿ) ಇಂಟು ಮ್ಯೂಚುವಲ್ ಇಂಡಕ್ಟೆನ್ಸ್, ಅಂದರೆ 3 ಓಮ್. ಅದರ ವರ್ಗವನ್ನು 10ರಿಂದ ಭಾಗಿಸಿ: 0.9 ಓಮ್. ಎರಡೂ ಕಾಯಿಲ್‌ನ ವೈರ್ ರೆಸಿಸ್ಟೆನ್ಸ್ ತಲಾ 0.15 ಓಮ್ ಅಂತ ಇಟ್ಟುಕೊಂಡರೆ ಶೇ. 84ರ ಆಸುಪಾಸು. ಲೋಡ್ 3 ಓಮ್ ಆದರೆ ಶೇ. 90 ಮುಟ್ಟುತ್ತದೆ. 0.15 ನನ್ನ ಊಹೆ. ಆ ಫ್ರೀಕ್ವೆನ್ಸಿಯಲ್ಲೇ ಅಳೆಯಿರಿ, ಮಲ್ಟಿಮೀಟರ್‌ನಲ್ಲಿ ಡಿಸಿ ಓಮ್ ನೋಡಿ ಸುಮ್ನೆ ಬರೆಯಬೇಡಿ.

ಬೆಂದ_ಮಾಸ್‌ಫೆಟ್:
ಒಂದು ಮಾತು. ಪ್ರೈಮರಿಗೂ ಸೀರೀಸ್ ಕೆಪಾಸಿಟರ್ ಹಾಕಿ ಫಿಕ್ಸೆಡ್ ವೋಲ್ಟೇಜ್ ಕೊಡುತ್ತೀರಾ? ಹಾಗಾದರೆ ಸೆಕೆಂಡರಿ ಎತ್ತಿದ ತಕ್ಷಣ ಆ 0.9 ಮಾಯ, ಉಳಿಯೋದು 0.15. ಲೋಡ್ ಹೋಯ್ತು, ಕರೆಂಟ್ ಕಮ್ಮಿ ಆಗುತ್ತೆ ಅಂದುಕೊಳ್ಳಬೇಡಿ. ವಿಪರೀತ ಜಾಸ್ತಿ ಆಗುತ್ತದೆ! ಫೋನಿನ ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡರ್ಡ್ ಆದ ಚೀ (Qi) ಚಾರ್ಜರ್‌ನಲ್ಲಿ ಎ1 ಅಂತ ಒಂದು ಡಿಸೈನ್ ಇದೆ. ಅದರ ಕಾಯಿಲ್ ಕೂಡ 24 ಮೈಕ್ರೋಹೆನ್ರಿ, ಆದರೆ ಓಡಿಸೋದು ರೆಸೊನೆನ್ಸ್‌ಗಿಂತ ಮೇಲೆ, 110ರಿಂದ 205 ಕಿಲೋಹರ್ಟ್ಜ್‌ನಲ್ಲಿ. ನೀವು ಮೊದಲು ಬೆಂಚ್ ಸಪ್ಲೈನಲ್ಲಿ ಕರೆಂಟ್ ಲಿಮಿಟ್ ಇಟ್ಟು ಶುರು ಮಾಡಿ.